ಬೆಕ್ಕಿಗೆ ಹೇಳಿದ ಮಾತು

ಮರ ನಮ್ಮ ಮನೆಯ ಮೇಲೆ ಬಿದ್ದಿತ್ತು. ನಮ್ಮ ಮನೆ ಅಂದರೆ ಅರ್ಧ ನಮ್ಮದು, ಇನ್ನರ್ಧ ಭಾವನದು. ಮರಕ್ಕೆ ಈ ಪಾಲಿನ ಲೆಕ್ಕ ಗೊತ್ತಿರಲಿಲ್ಲ. ಬೀದಿ ಬದಿಯಿಂದ ಬುಡಸಮೇತ ಕಿತ್ತುಕೊಂಡು ಬಂದು, ಎರಡು ಅರ್ಧಗಳ ನಡುವಿನ ಗೋಡೆಯ ನೇರಕ್ಕೆ, ಯಾರೋ ಅಳತೆ ಹಿಡಿದು ಮಲಗಿಸಿದ ಹಾಗೆ ಹೆಂಚಿನ ಮೇಲೆ ಉದ್ದಕ್ಕೆ ಮಲಗಿತ್ತು.

ಆ ಗೋಡೆಯ ಕಥೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ಯಾರಿಗೂ ತಿಳಿಯುವುದಿಲ್ಲ. ಮಾವ ತೀರಿಕೊಂಡ ಮೇಲೆ ಅಣ್ಣ ತಮ್ಮ ಮನೆ ಹಂಚಿಕೊಂಡರು. ಮುಂಬಾಗಿಲು ಭಾವನ ಪಾಲಿಗೆ ಹೋಯಿತು. ನಮಗೆ ಪಕ್ಕದ ಕಿಟಕಿಯನ್ನು ಕಿತ್ತು ಬಾಗಿಲು ಮಾಡಿಕೊಟ್ಟರು. ಕಿಟಕಿಯಲ್ಲಿ ಹೋಗಿಬರುವವರು ಅಂತ ಯಾರೋ ನಕ್ಕರು, ನಕ್ಕದ್ದು ಯಾರು ಅಂತ ಮಾತು ಬಂತು, ಮಾತಿಗೆ ಮಾತು ಬೆಳೆಯಿತು, ಆಮೇಲೆ ಮಾತೇ ನಿಂತುಹೋಯಿತು. ಆಗ ನನ್ನ ಮಗಳು ಹೊಟ್ಟೆಯಲ್ಲಿದ್ದಳು. ಈಗ ಸೈಕಲ್ ತುಳಿಯುತ್ತಾಳೆ.

ಗೋಡೆ ಎದ್ದರೂ ಚಾವಣಿ ಒಂದೇ ಉಳಿಯಿತು. ಈ ಕೊನೆಯಿಂದ ಆ ಕೊನೆಯವರೆಗೆ ಹಾದುಹೋಗಿರುವ ತೊಲೆ ಒಂದೇ ಮರದ್ದು, ಅದನ್ನು ಕೊಯ್ಯಲು ಬಡಗಿ ಸುತರಾಂ ಒಪ್ಪಲಿಲ್ಲ. ಹಾಗಾಗಿ ಗೋಡೆಯನ್ನು ತೊಲೆಯ ತಳಕ್ಕೆ ತಾಗಿಸಿ ನಿಲ್ಲಿಸಿದರು. ಅದರ ಮೇಲೆಲ್ಲ ಖಾಲಿ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ, ಈ ಕಡೆ ಹಾಲು ಸೀದರೆ ಆ ಕಡೆ ಮೂಗು ಮುರಿಯುತ್ತಾರೆ.

ಹೇಳಲೇಬೇಕಾದ ಮಾತಿದ್ದರೆ ಬೆಕ್ಕಿಗೆ ಹೇಳುವುದು ನಮ್ಮ ಪದ್ಧತಿ. ಅಟ್ಟದ ಮೇಲೆ ಎರಡೂ ಮನೆಗೆ ಓಡಾಡಿಕೊಂಡು, ಎರಡೂ ಕಡೆ ಹಾಲು ಕುಡಿದುಕೊಂಡು ಹಾಯಾಗಿರುವ ಬೂದು ಬೆಕ್ಕೊಂದಿದೆ. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ, ಈಗಲೂ ಮನಸ್ಸಿನಲ್ಲಿ ಹಾಗೇ ಅನ್ನುವುದು. ಅಕ್ಕ ಗೋಡೆಯಾಚೆ ನಿಂತು, “ಏ ಬೆಕ್ಕೇ, ನಾಳೆ ನಲ್ಲೀಲಿ ನೀರು ಬರಲ್ವಂತೆ, ಬೇಕಾದವರಿಗೆ ಹೇಳು” ಅನ್ನುತ್ತಾರೆ. ನಾನು ಬಿಂದಿಗೆಗಳನ್ನೆಲ್ಲ ತುಂಬಿಟ್ಟು, “ಬೆಕ್ಕೇ, ನಮ್ಗೂ ಕಿವಿ ಇದೆ” ಅನ್ನುತ್ತೇನೆ. ಒಂದೇ ನಿಯಮ: ಬೆಕ್ಕು ತಮ್ಮ ಎದುರಿಗಿದ್ದರೆ ಮಾತ್ರ ಹೇಳಬೇಕು. ಬೆಕ್ಕಿಲ್ಲದೆ ಹೇಳಿದರೆ ಅದು ನೇರ ಮಾತಾಗುತ್ತದೆ. ನೇರ ಮಾತಾಡಿದವರು ಸೋತ ಹಾಗೆ. ಇಷ್ಟು ವರ್ಷದಲ್ಲಿ ಇಬ್ಬರೂ ಸೋತಿರಲಿಲ್ಲ, ಅಷ್ಟು ಗಟ್ಟಿ ಹೆಂಗಸರು ನಾವು.

ಬಿರುಗಾಳಿ ಬೆಳಗಾಗುವ ಹೊತ್ತಿಗೆ ಇಳಿಯಿತು. ನಮ್ಮ ಯಜಮಾನರು ದರ್ಜಿ, ಯಾವುದನ್ನೂ ಅಳತೆ ತಪ್ಪಿ ಮಾಡುವವರಲ್ಲ. ಮೈನ್ ಸ್ವಿಚ್ ಆರಿಸಿದರು, ಗ್ಯಾಸ್ ಮುಚ್ಚಿದರು, ನಮ್ಮಿಬ್ಬರನ್ನೂ ಹೊರಗೆ ತಂದು ಮಗಳನ್ನು ಎದುರು ಮನೆಗೆ ಕಳಿಸಿದರು. ಒಂದು ವಸ್ತುವನ್ನೂ ಮುಟ್ಟುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದರು, ಇಲ್ಲದಿದ್ದರೆ ವಿಮೆಯವರು ನಂಬುವುದಿಲ್ಲವಂತೆ. ಅಷ್ಟು ಹೊತ್ತಿಗೆ ಧ್ವನಿವರ್ಧಕದ ವ್ಯಾನೊಂದು ಕೊಂಬೆಗಳನ್ನು ತಪ್ಪಿಸಿಕೊಂಡು ಬಂತು. ಹರಿದ ತಂತಿ ಮುಟ್ಟಬೇಡಿ, ಬಿರುಕು ಬಿಟ್ಟ ಮನೆಯೊಳಗೆ ಹೋಗಬೇಡಿ, ಮನೆಯವರೆಲ್ಲ ಹೊರಗಿದ್ದಾರೆಯೇ ಎಣಿಸಿಕೊಳ್ಳಿ ಅಂತ ಕೂಗುತ್ತ ಹೋಯಿತು.

“ನಾವು ಮೂರು ಜನ, ಮೂರೂ ಹೊರಗಿದೀವಿ” ಅಂದರು ಯಜಮಾನರು.

“ಆ ಕಡೆಯವರು?” ಅಂದೆ.

“ಬೀಗ ಹಾಕಿದೆ ನೋಡು. ಎಲ್ಲಿಗೋ ಹೋಗಿರ್ತಾರೆ.”

ಮುಂಬಾಗಿಲಿಗೆ ಬೀಗ ನೇತಾಡುತ್ತಿದ್ದದ್ದು ನಿಜ. ಆದರೆ ಮರ ಬಿದ್ದಾಗ ಆ ಕಡೆ ಪಾತ್ರೆಗಳು ದಡದಡ ಉರುಳಿದ ಸದ್ದು ನನಗೆ ಕೇಳಿತ್ತು. ಆಮೇಲೆ ಮಳೆಯ ಸದ್ದೊಂದೇ. ಮರ ಬಿದ್ದರೆ ಪಾತ್ರೆ ಉರುಳದೆ ಇರುತ್ತದೆಯೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಗರಗಸದವನು ಬಂದ. ಆ ದಿನ ಊರಿಗೆಲ್ಲ ಅವನೇ ದೊರೆ, ಸಿಕ್ಕಿದ್ದೇ ಪುಣ್ಯ. ಇನ್ನೂ ಮೂರು ಕಡೆ ಹೋಗಬೇಕು ಅಂತ ಕಾಲಿಗೆ ಚಕ್ರ ಕಟ್ಟಿಕೊಂಡೇ ಏಣಿ ಹತ್ತಿದ. ಮೋಡ ಮತ್ತೆ ಕಟ್ಟುತ್ತಿತ್ತು. ಮರದ ಮೇಲೆಲ್ಲ ಕಣ್ಣಾಡಿಸಿ ಕೆಳಗೆ ಕೂಗಿದ.

“ಎರಡೂ ಕಡೆ ಕೊಂಬೆ ಭಾರ ಸಮ ಇರೋದಕ್ಕೆ ದಿಮ್ಮಿ ನಿಂತಿದೆ, ತಕ್ಕಡಿ ಥರ. ನಿಮ್ಮ ಕಡೆ ಕೊಂಬೆ ಕೊಯ್ದ್ರೆ ದಿಮ್ಮಿ ಆ ಕಡೆ ಉರುಳುತ್ತೆ. ಪಕ್ಕದ ಮನೆ ಖಾಲಿ ತಾನೆ?”

“ಖಾಲಿ. ಬೀಗ ಇದೆ” ಅಂದರು ಯಜಮಾನರು.

ಆ ಕಡೆ ಉರುಳಿದರೆ ಉರುಳಲಿ ಅನ್ನುವ ಒಂದೆಳೆ ಅವರ ದನಿಯಲ್ಲಿತ್ತು. ನನಗದು ಕೇಳಿತು, ನಾನೂ ಬಾಯಿ ಬಿಡಲಿಲ್ಲ. ಆಗಲೇ ನನಗೆ ಬೆಕ್ಕಿನ ನೆನಪಾದದ್ದು. ರಾತ್ರಿ ಗಾಳಿ ಶುರುವಾದಾಗ ಅದು ನಮ್ಮ ಕಡೆ ಜಿಗಿದು ಬಂದು ಅಡುಗೆಮನೆಯ ಕಪಾಟಿನ ತುದಿಗೆ ಹತ್ತಿ ಕೂತಿತ್ತು. ಒಳಗೆ ಹೋಗಬೇಡ ಅಂತ ಯಜಮಾನರು ಕೂಗಿದರು, ವ್ಯಾನಿನವನೂ ಅದನ್ನೇ ಹೇಳಿಹೋಗಿದ್ದ. ಹೋಗಬಾರದಿತ್ತು, ಹೋದೆ.

ಬೆಕ್ಕು ಕಪಾಟಿನ ಮೇಲೆ ಮೈ ಉಬ್ಬಿಸಿಕೊಂಡು ಹಾಗೇ ಕೂತಿತ್ತು. ಅದನ್ನು ಇಳಿಸಿ ಎದೆಗವಚಿಕೊಂಡೆ. ತಲೆಯ ಮೇಲೆ ತೊಲೆ ಕಿರ್ ಅಂತು. ಅದರ ಹಿಂದೆಯೇ ಗೋಡೆಯಾಚೆಯಿಂದ ದನಿ ಬಂತು, ಒಣಗಿದ ಗಂಟಲಿನ ಸಣ್ಣ ದನಿ.

“ಏ ಬೆಕ್ಕೇ... ಕೇಳಿಸ್ತಿದ್ಯಾ? ಅಡುಗೆಮನೇಲಿದೀನಿ. ಕಾಲು ಸಿಕ್ಹಾಕ್ಕೊಂಡಿದೆ. ಹೇಳು... ಯಾರಿಗಾದ್ರೂ ಹೇಳು.”

ಅಕ್ಕ ಒಳಗಿದ್ದರು. ನಮ್ಮ ಕಡೆಯ ಕೊಂಬೆ ಬಿದ್ದ ಮರುಕ್ಷಣ ಅಷ್ಟು ದೊಡ್ಡ ದಿಮ್ಮಿ ಉರುಳುವುದು ಸೀದಾ ಅವರ ಮೇಲೆ. ಹೊರಗೆ ಗರಗಸ ಗುರ್ರೆಂದು ಶುರುವಾಯಿತು.

ಇಂಥ ಹೊತ್ತಿನಲ್ಲೂ ನನ್ನ ನಾಲಿಗೆ ಏನು ಮಾಡಿತು ಗೊತ್ತೇ? “ಬೆಕ್ಕೇ, ಬರ್ತಿದೀವಿ ಅಂತ ಹೇಳು!” ಅಂತ ಕಿರುಚಿತು. ಬೆಕ್ಕು ನನ್ನ ಕೈಯಲ್ಲೇ ಇತ್ತು.

ಹೊರಗೋಡಿ ಬಂದು ಕೈ ಬೀಸಿದೆ, ಕೂಗಿದೆ. ಗರಗಸದವನು ಕಿವಿಗೆ ಬಟ್ಟೆ ಸುತ್ತಿಕೊಂಡಿದ್ದ. ಯಜಮಾನರು ಹಗ್ಗ ಎಳೆದು ಹಿಡಿದು ಮೇಲಕ್ಕೇ ನೋಡುತ್ತಿದ್ದರು. ಹೊಟ್ಟು ಉದುರುತ್ತಿತ್ತು, ಕೊಂಬೆಯೊಳಗೆ ಗರಗಸ ಆಗಲೇ ಗೇಣುದ್ದ ಇಳಿದಿತ್ತು. ಕಾಲಬುಡದಲ್ಲಿ ಬಿದ್ದಿದ್ದ ಹೆಂಚೊಂದನ್ನು ಎತ್ತಿ ಗುರಿಯಿಟ್ಟು ಬೀಸಿದೆ. ಅದು ಅವನ ಮುಖದ ಮುಂದೆ ಕಾಂಡಕ್ಕೆ ಬಡಿದು ಚೂರು ಚೂರಾಯಿತು. ಗರಗಸ ನಿಂತಿತು.

“ಏನಮ್ಮಾ, ತಲೆ ಕೆಟ್ಟಿದ್ಯಾ? ಕೈಯಲ್ಲೇನಿದೆ ಕಾಣಲ್ವಾ?”

“ಒಳಗೆ ಜನ ಇದಾರೆ! ಆ ಕಡೆ! ಅಕ್ಕ ಇದಾರೆ!”

“ಖಾಲಿ ಅಂದ್ರಲ್ಲ ಇವ್ರು?”

ಯಜಮಾನರ ಮುಖದಲ್ಲಿ ರಕ್ತವೇ ಇರಲಿಲ್ಲ. ಹಗ್ಗ ಕೈಯಲ್ಲೇ ಇತ್ತು. “ಬೀಗ... ಬೀಗ ಇತ್ತಲ್ಲ” ಅಂದರು, ಅಷ್ಟೇ ಅಂದರು.

ಆ ಬೀಗದ ಕಥೆ ತಿಳಿದದ್ದು ಭಾವ ಬಂದಾಗ. ಭಾವ ಬಸ್ ಡಿಪೊದ ಮೆಕ್ಯಾನಿಕ್. ಡಿಪೊ ನಮ್ಮ ಬೀದಿಯ ಕೊನೆಯಲ್ಲೇ ಇದೆ, ಆದರೆ ಅಲ್ಲಿನ ಶೆಡ್ ಹಾರಿಹೋಗಿ ಬೆಳಗಿನವರೆಗೂ ಬಸ್ಸುಗಳನ್ನು ಹೊರಗೆ ಎಳೆಯುತ್ತಿದ್ದರಂತೆ. ರಾತ್ರಿ ಪಾಳಿಗೆ ಹೋಗುವಾಗ ಅವರು ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ. ಅಕ್ಕನಿಗೆ ಹಿತ್ತಿಲ ಬಾಗಿಲಿದೆ. ಇದು ವರ್ಷಗಳ ಅಭ್ಯಾಸವಂತೆ. ಒಂದೇ ಚಾವಣಿಯ ಕೆಳಗಿರುವ ನಮಗೆ ಗೊತ್ತಿರಲಿಲ್ಲ, ಏಕೆಂದರೆ ಆ ಬಾಗಿಲ ಕಡೆ ಕಣ್ಣೆತ್ತಿ ನೋಡುವುದಿಲ್ಲ ಅಂತ ನಾವು ಹಟ ತೊಟ್ಟಿದ್ದೆವು. ಈಗ ಹಿತ್ತಿಲ ಬಾಗಿಲಿನ ಮೇಲೆ ಮರದ ತಲೆಯೆಲ್ಲ ಕುಸಿದು ಬಿದ್ದಿತ್ತು.

ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಓಡಿಬಂದ ಭಾವ ನಮ್ಮತ್ತ ನೋಡಲಿಲ್ಲ. ನನ್ನ ಕಂಕುಳಲ್ಲಿದ್ದ ಬೆಕ್ಕನ್ನು ನೋಡಿ, ಆಮೇಲೆ ಗರಗಸದವನನ್ನು ನೋಡಿ, “ಏನಾಯ್ತು?” ಅಂತ ಕೇಳಿದರು. ಹೇಳಿದವನೂ ಅವನೇ. ಭಾವ ಬೀಗ ತೆಗೆದರು.

ಬಾಗಿಲು ತೆರೆದರೆ ನಡುಮನೆಯ ತುಂಬ ಹೆಂಚು, ಒದ್ದೆ ಮಣ್ಣು. ತೊಲೆಯ ಆ ಕಡೆಯ ತುದಿ ತನ್ನ ಗೂಡಿನಿಂದ ಜಾರಿ ಬಂದು ಅಡುಗೆಮನೆಯ ಬಾಗಿಲಿನ ನೆತ್ತಿಗೆ ಕೂತಿತ್ತು. ಬಾಗಿಲ ಚೌಕಟ್ಟು ಸೊಟ್ಟಗಾಗಿ, ಒಬ್ಬರು ನುಸುಳುವಷ್ಟು ಸಂದು ಮಾತ್ರ ಉಳಿದಿತ್ತು. ಅದರಾಚೆ ಅಕ್ಕನ ಸೀರೆಯ ಅಂಚು ಕಂಡಿತು. ಭಾವ ಹೆಸರಿಟ್ಟು ಕೂಗಿದರು. ಅಕ್ಕ “ಹೂಂ” ಅಂದರು.

ಅಗ್ನಿಶಾಮಕದವರಿಗೆ ಫೋನು ಮಾಡಿದೆ. ಬರುತ್ತೇವೆ, ಆದರೆ ಸೇತುವೆಯ ಮೇಲೆ ಮರ ಬಿದ್ದಿದೆ, ಅದನ್ನು ತೆಗೆದು ಬರಬೇಕು ಅಂದರು. ತೊಲೆ ಮತ್ತೆ ಕಿರ್ ಅಂದು ಒಂದು ಬೆರಳು ಕೆಳಗಿಳಿಯಿತು. ಅಕ್ಕ ಅಯ್ಯೋ ಅಂದರು. ಕಾಯುವ ಹಾಗಿರಲಿಲ್ಲ.

ಯಜಮಾನರು ಆಗ ಸುತ್ತಿಗೆ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ನುಗ್ಗಿದರು. ನಡುವಿನ ಗೋಡೆ ಒಡೆದರೆ ಅಕ್ಕ ಅಲ್ಲೇ ಇದ್ದಾರೆ, ಒಂದೇ ಇಟ್ಟಿಗೆಯ ದಪ್ಪ. ಇಷ್ಟು ವರ್ಷದ ಗೋಡೆಯನ್ನು ಕೊನೆಗೂ ಒಡೆಯುತ್ತಾರಲ್ಲ ಅಂತ ನಾನೂ ಹಿಂದೆಯೇ ಓಡಿದೆ. ಒಂದೇ ಪೆಟ್ಟು ಹಾಕಿದ್ದರು, ಗರಗಸದವನು ಹಿಂದಿನಿಂದ ಬಂದು ಅವರ ರಟ್ಟೆ ಹಿಡಿದ.

“ಸ್ವಾಮೀ, ಆ ಗೋಡೆ ಮೇಲೇ ತೊಲೆ ನಿಂತಿರೋದು! ಅದನ್ನ ಒಡೆದ್ರೆ ಎಲ್ರೂ ಒಟ್ಟಿಗೆ ಹೋಗ್ತೀವಿ!”

ಯಾವ ಗೋಡೆಗೆ ದಿನಾ ಶಾಪ ಹಾಕುತ್ತಿದ್ದೆವೋ ಅದೇ ಅಕ್ಕನ ಜೀವ ಹಿಡಿದುಕೊಂಡು ನಿಂತಿತ್ತು.

ಭಾವ ಡಿಪೊ ಕಡೆ ಓಡಿದರು. ತಳ್ಳುಗಾಡಿಯಲ್ಲಿ ಬಸ್ ಎತ್ತುವ ಎರಡು ಜಾಕ್, ದಪ್ಪನೆಯ ಮರದ ಕಂಬಗಳು ಬಂದವು. ಜಾಕಿನ ಮೇಲೆ ಕಂಬ, ಕಂಬದ ಮೇಲೆ ತೊಲೆ. ಒಂದು ಅವರ ನಡುಮನೆಯಲ್ಲಿ, ಒಂದು ನಮ್ಮ ನಡುಮನೆಯಲ್ಲಿ. ಗರಗಸದವನು ಏಣಿಯ ಮೇಲೆ ನಿಂತು ದಿಮ್ಮಿಯನ್ನು ಕಾಯಬೇಕು.

“ಎರಡೂ ಕಡೆ ಸಮ ಸಮ ಏಳ್ಬೇಕು” ಅಂದ ಅವನು. “ಒಂದು ಕಡೆ ಹೆಚ್ಚಾದ್ರೆ ಇನ್ನೊಂದು ಕಡೆ ಉರುಳುತ್ತೆ. ಸೌದೆ ಅಲ್ಲ ಅದು, ಬೆಟ್ಟ.”

“ಅವನಿಗೆ ಹೇಳಿ, ಹಿಡಿ ಮೆಲ್ಲಗೆ ಒತ್ಬೇಕು, ಒಂದೊಂದೇ ಸಲ” ಅಂದರು ಭಾವ, ಗರಗಸದವನಿಗೆ.

“ಗೊತ್ತಾಯ್ತು ಅಂತ ಹೇಳಿ” ಅಂದರು ಯಜಮಾನರು, ಅವನಿಗೇ. ಇಬ್ಬರ ನಡುವೆ ಎರಡು ಮಾರು ಜಾಗವೂ ಇರಲಿಲ್ಲ.

ಕಾಲು ಬಿಡಿಸಲು ಆ ಸಂದಿನಲ್ಲಿ ಹೋಗುವವರು ಯಾರು? ಗಂಡಸರಿಬ್ಬರಿಗೂ ಜಾಕ್ ಇದೆ. ಇದ್ದವರಲ್ಲಿ ಸಣ್ಣ ಮೈಯವಳು ನಾನೇ. ಯಜಮಾನರು ಬೇಡ ಅನ್ನಲು ಬಾಯಿ ತೆರೆದರು, ಅಷ್ಟರಲ್ಲಿ ನಾನು ಬೆಕ್ಕನ್ನು ಅವರ ಕೈಗೆ ತುರುಕಿ ಮಂಡಿಯೂರಿದ್ದೆ.

ಒಳಗೆ ಕತ್ತಲು, ಒದ್ದೆ ಸುಣ್ಣದ ವಾಸನೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಪಾತ್ರೆಯ ಕಪಾಟು ಅವರ ಮೊಣಕಾಲಿನ ಕೆಳಗೆ ಅಡ್ಡ ಬಿದ್ದಿತ್ತು, ಅದರ ಮೇಲೆ ಮುರಿದ ಅಟ್ಟದ ಹಲಗೆ, ಹಲಗೆಯ ಮೇಲೆ ತೊಲೆಯ ತುದಿ. ತೊಲೆ ಎದ್ದರೆ ಕಪಾಟು ಅಲುಗುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟು ಹತ್ತಿರದಿಂದ ಅವರ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಕೂದಲು ನರೆತಿತ್ತು. ಅದು ಯಾವಾಗ ನರೆಯಿತು ಅಂತ ನನಗೆ ಗೊತ್ತೇ ಇರಲಿಲ್ಲ, ಅದರಿಂದ ನನಗೆ ಬಹಳ ನೋವಾಯಿತು.

ಮಾತಾಡಲು ನಡುವೆ ಬೆಕ್ಕೂ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ. ಕೈ ಮಂಜುಗಡ್ಡೆ.

“ಶುರು ಮಾಡಿ!” ಅಂತ ಮೇಲಿನಿಂದ ಕೂಗು ಬಂತು.

ಭಾವ ಒತ್ತಿದರು. ತೊಲೆ ನರಳಿತು. ಆ ಕಡೆ ಯಜಮಾನರು ಒತ್ತಿದರು. ಹಲಗೆಯ ಮೇಲಿಂದ ಮಣ್ಣು ಉದುರಿತು. ಮತ್ತೊಮ್ಮೆ. ಕಪಾಟು ಕೂದಲೆಳೆಯಷ್ಟು ಅಲುಗಿತು. ನನಗೆ ಧೈರ್ಯ ಬಂತು.

ಆಗ ಯಜಮಾನರ ಜಾಕ್ ಕೆಳಗೆ ನೆಲದ ಹಾಸುಗಲ್ಲು ಕುಸಿಯಿತು. ಅವರ ಕಡೆ ತೊಲೆ ಏಳುತ್ತಿಲ್ಲ, ಈ ಕಡೆ ಭಾವ ಒತ್ತುತ್ತಲೇ ಇದ್ದಾರೆ. “ಅವರಿಗೆ ನಿಲ್ಸೋಕೆ ಹೇಳಿ!” ಅಂತ ಯಜಮಾನರು ಮೇಲಕ್ಕೆ ಕೂಗಿದ್ದು ನನಗೆ ಕೇಳಿತು. ಏಣಿಯ ಮೇಲಿದ್ದವನಿಗೆ ಅರ್ಧ ಕೇಳಿತು. “ಏನು?” ಅಂದ. ಅಷ್ಟರಲ್ಲಿ ಭಾವ ಇನ್ನೊಂದು ಸಲ ಒತ್ತಿದರು. ತಲೆಯ ಮೇಲೆ ದಿಮ್ಮಿ ಗುಡುಗಿನ ಹಾಗೆ ಸದ್ದು ಮಾಡುತ್ತ ಒಂದು ಗೇಣು ಹೊರಳಿತು. ಹೆಂಚುಗಳು ದಬದಬ ಬಿದ್ದವು. ಅಕ್ಕ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿ ಮೇಲೆ ಬಾಗಿದರು. ಕಾಲು ಸಿಕ್ಕಿಕೊಂಡವರು ಅವರು, ಮುಚ್ಚಿಕೊಂಡದ್ದು ನನ್ನ ತಲೆಯನ್ನು.

“ಅಯ್ಯೋ ನಿಮ್ಮ ಮನೆ ಹಾಳಾಗ!” ಅಂತ ಗರಗಸದವನು ಅಬ್ಬರಿಸಿದ. “ನಾನೇನು ಪೋಸ್ಟ್‌ಮ್ಯಾನಾ? ಮಾತಾಡ್ರೋ ಇಬ್ರೂ!”

ಗೋಡೆಯಾಚೆಯಿಂದ ನನ್ನ ಗಂಡನ ದನಿ ಬಂತು, ಸ್ಕೂಲಿಗೆ ಹೋಗುವ ಹುಡುಗನ ಹಾಗೆ ಒಡೆದ ದನಿ.

“ಅಣ್ಣಾ! ಕೈ ಬಿಡು! ಒತ್ಬೇಡ!”

“ಬಿಟ್ಟೆ!” ಅಂದರು ಭಾವ. ಆಮೇಲೆ, “ಏನಾಯ್ತೋ?” ಅಂದರು.

“ಕಲ್ಲು ಕುಸೀತು. ಹಲಗೆ ಕೊಡ್ತಿದೀನಿ ಕೆಳಗೆ. ತಡಿ... ಕೊಟ್ಟೆ.”

“ಸರಿ ಕೂತಿದ್ಯಾ? ಅಲುಗಾಡಿಸಿ ನೋಡು.”

“ಕೂತಿದೆ.”

“ನೀನು ಎರಡು ಸಲ ಒತ್ತು, ನಂಗೆ ಸಮ ಬಾ. ಆಮೇಲೆ ಇಬ್ರೂ ಒಟ್ಟಿಗೆ. ನನ್ನ ಬಾಯಿ ಕೇಳ್ಕೊಂಡು ಮಾಡು.”

“ಹೂಂ ಅಣ್ಣ.”

ಭಾವ ‘ಒತ್ತು’ ಅನ್ನುತ್ತಿದ್ದರು, ಯಜಮಾನರು ‘ಒತ್ತಿದೆ’ ಅನ್ನುತ್ತಿದ್ದರು. ಒತ್ತು, ಒತ್ತಿದೆ. ದಿಮ್ಮಿ ನಿಧಾನಕ್ಕೆ ಮತ್ತೆ ತನ್ನ ಜಾಗಕ್ಕೆ ಸರಿಯಿತು. ತೊಲೆ ಹಲಗೆಯನ್ನು ಬಿಟ್ಟು ಎದ್ದಿತು. ನಾನು ಕಪಾಟಿನ ಕೆಳಗೆ ಭುಜ ಕೊಟ್ಟು ಹಲ್ಲು ಕಚ್ಚಿ ನೂಕಿದೆ. ಅಕ್ಕ ಕಾಲನ್ನು ಎಳೆದುಕೊಂಡರು. ಕಂಕುಳಿಗೆ ಕೈ ಹಾಕಿ ಅವರನ್ನು ಆ ಸಂದಿನಲ್ಲಿ ಹೇಗೆ ಎಳೆದು ತಂದೆನೋ ನನಗೆ ನೆನಪಿಲ್ಲ. ಭಾವ ಜಾಕ್ ಬಿಟ್ಟು ಬರುವ ಹಾಗಿರಲಿಲ್ಲ. ಹೆಂಡತಿ ಪಕ್ಕದಲ್ಲೇ ತೆವಳಿಕೊಂಡು ಹೋಗುವಾಗ ಅವರು ಎರಡೂ ಕೈಯಲ್ಲಿ ಹಿಡಿ ಹಿಡಿದುಕೊಂಡೇ ಅಳುತ್ತಿದ್ದರು. ನಾವು ಹೊರಗೆ ಬಂದೆವು ಅಂತ ಕೂಗಿದ ಮೇಲೆ ಅಣ್ಣ ತಮ್ಮ ಮೆಲ್ಲಗೆ ಒಟ್ಟಿಗೇ ಕೈ ಬಿಟ್ಟು ಹೊರಗೆ ಬಂದರು. ಒಬ್ಬರು ಮುಂಬಾಗಿಲಿನಿಂದ, ಒಬ್ಬರು ಕಿಟಕಿಯಿಂದ.

ಅಗ್ನಿಶಾಮಕದವರು ಬಂದಾಗ ನಾವೆಲ್ಲ ಎದುರು ಮನೆಯ ಜಗಲಿಯ ಮೇಲಿದ್ದೆವು. ಅವರ ಮುಖ್ಯಸ್ಥ ಜಾಕ್‌ಗಳನ್ನು ನೋಡಿ ಬಾಯಿಗೆ ಬಂದ ಹಾಗೆ ಬೈದ. ಬೈಸಿಕೊಳ್ಳುವ ಕೆಲಸವೇ ನಾವು ಮಾಡಿದ್ದು. ಕ್ರೇನ್ ಬರುವವರೆಗೆ ಗೋಡೆಯನ್ನೂ ಜಾಕ್‌ಗಳನ್ನೂ ಯಾರೂ ಮುಟ್ಟಕೂಡದು ಅಂದ. ಆಮೇಲೆ ಎರಡು ಬಾಗಿಲುಗಳನ್ನು ನೋಡಿ, “ಯಾವ ಮನೇಲಿ ಎಷ್ಟು ಜನ?” ಅಂತ ಕೇಳಿದ.

“ಐದು” ಅಂದರು ಯಜಮಾನರು. ಬೆಳಿಗ್ಗೆ ಮೂರು ಅಂದಿದ್ದವರು ಅವರೇ. “ಐದೂ ಹೊರಗಿದೀವಿ.” ಭಾವ ನೆಲ ನೋಡುತ್ತ ತಲೆಯಾಡಿಸಿದರು.

ಅಕ್ಕನ ಕಾಲು ಊದಿತ್ತು, ಮುರಿದಿರಲಿಲ್ಲ. ನಾನು ಚಹಾ ಲೋಟ ಅವರ ಕೈಗೆ ಕೊಟ್ಟೆ. ಬೆಕ್ಕು ನಮ್ಮಿಬ್ಬರ ನಡುವೆ ಬಂದು ಕೂತು, ಯಾರು ಏನು ಹೇಳುತ್ತಾರೋ ಅಂತ ಒಬ್ಬೊಬ್ಬರ ಮುಖವನ್ನೇ ನೋಡಿತು. ನನಗೆ ತಡೆಯಲಾಗಲಿಲ್ಲ.

“ಅಕ್ಕ, ಬೆಕ್ಕು ರಾತ್ರಿಯಿಂದ ನಮ್ಮ ಕಡೇನೇ ಇತ್ತು. ಕತ್ತಲಲ್ಲಿ ನಿಮಗೆ ಗೊತ್ತಾಗಿರ್ಲಿಲ್ಲ ಅನ್ಸುತ್ತೆ.”

ಅಕ್ಕ ಚಹಾ ಊದಿ ಊದಿ ಒಂದು ಗುಟುಕು ಕುಡಿದರು.

“ಗೊತ್ತಿತ್ತು” ಅಂದರು. “ಗಾಳಿ ಬಂದಾಗ ಅದು ಓಡಿ ಹೋಗಿದ್ದು ನಿಮ್ಮ ಕಡೆಗೇ. ನಾನೇ ನೋಡಿದ್ದೆ.”